ಮನೆಯುಳ್ಳವರ ಧರ್ಮ

ಕಳೆದ ವರ್ಷದ ಚಾತುರ್ಮಾಸದ ಒಂದು ಮುಂಜಾನೆಯ ಮಾತು. ನಮ್ಮೂರಿನ ಬಸದಿಯಲ್ಲಿ ತಂಗಿದ್ದ ಮುನಿಮಹಾರಾಜರು ಆಹಾರಚರ್ಯೆಗೆ ಹೊರಟಿದ್ದರು. ಬೀದಿಯುದ್ದಕ್ಕೂ ಶ್ರಾವಕ ಶ್ರಾವಿಕೆಯರು ಮಡಿಯುಟ್ಟು, ಕೈಯಲ್ಲಿ ಕಲಶ ಹಿಡಿದು, ತಂತಮ್ಮ ಬಾಗಿಲಲ್ಲಿ ನಿಂತು ಅವರನ್ನು ಬಿನ್ನವಿಸಿಕೊಳ್ಳುತ್ತಿದ್ದರು. ಅಂದು ಆ ಭಾಗ್ಯ ನಮ್ಮ ಮನೆಗೆ ಒದಗಿತು. ಮಹಾರಾಜರು ನಿಂತುಕೊಂಡೇ, ತಮ್ಮ ಅಂಗೈಗಳನ್ನೇ ಪಾತ್ರೆಯಾಗಿಸಿಕೊಂಡು, ದಿನದ ಒಂದೇ ಆಹಾರವನ್ನು ಸ್ವೀಕರಿಸಿ ಹೊರಟರು. ಅವರನ್ನು ಬೀದಿಯ ತಿರುವಿನವರೆಗೆ ಬೀಳ್ಕೊಟ್ಟು ಹಿಂದಿರುಗುವಾಗ, ನನ್ನ ಕೈ ಹಿಡಿದಿದ್ದ ಮೊಮ್ಮಗಳು ಮೆಲ್ಲನೆ ಹೇಳಿದಳು: “ಅಜ್ಜ, ಆ ಹುಡುಗನ ಕಾಲಲ್ಲೂ ಚಪ್ಪಲಿ ಇಲ್ಲ.”

ತಿರುಗಿ ನೋಡಿದೆ. ಚರಂಡಿಯ ಬದಿಯಲ್ಲಿ ಎಂಟೊಂಬತ್ತು ವರ್ಷದ ಬಾಲಕನೊಬ್ಬ, ತನ್ನ ಎತ್ತರಕ್ಕೆ ಮೀರಿದ ಗೋಣಿಚೀಲವನ್ನು ಹೆಗಲಿಗೇರಿಸಿಕೊಂಡು ಖಾಲಿ ಬಾಟಲಿಗಳನ್ನು ಆಯುತ್ತಿದ್ದ. ನನ್ನ ಮಡದಿ ಎಲೆಯೊಂದರಲ್ಲಿ ಅನ್ನ ಬಡಿಸಿಕೊಟ್ಟಳು. ಒಳಗೆ ಬಾ ಎಂದರೂ ಬಾರದೆ ಆತ ನಿಂತೇ ಉಂಡ. ಬೊಗಸೆಯೊಡ್ಡಿ ನೀರು ಕುಡಿದ. “ಮನೆ ಎಲ್ಲಪ್ಪ?” ಎಂದು ಕೇಳಿದೆ. ಉತ್ತರ ಹೇಳದೆ ಬಸ್ ನಿಲ್ದಾಣದ ಕಡೆಗೊಮ್ಮೆ ಕೈ ತೋರಿಸಿ ಹೊರಟುಹೋದ. ಬರಿಗಾಲು, ನಿಂತು ಉಣ್ಣುವಿಕೆ, ಬೊಗಸೆಯ ಪಾತ್ರೆ, ಮನೆಯಿಲ್ಲದ ಬದುಕು: ಒಂದೇ ಗಳಿಗೆಯ ಅಂತರದಲ್ಲಿ ನನ್ನ ಅಂಗಳ ಇವನ್ನು ಎರಡು ಬಾರಿ ಕಂಡಿತ್ತು. ಮೊದಲ ಬಾರಿ ನಾನು ಧನ್ಯನಾದೆನೆಂದುಕೊಂಡಿದ್ದೆ. ಎರಡನೆಯ ಬಾರಿ ಏನೆಂದುಕೊಳ್ಳಬೇಕೆಂದು ನನಗೆ ತೋಚಲಿಲ್ಲ.

ಜೈನ ಪರಿಭಾಷೆಯಲ್ಲಿ ಅಗಾರಿ, ಅನಗಾರ ಎಂಬ ಎರಡು ಶಬ್ದಗಳಿವೆ. ಅಗಾರವೆಂದರೆ ಮನೆ. ಮನೆಯುಳ್ಳವನು ಅಗಾರಿ, ಎಂದರೆ ಶ್ರಾವಕ. ಮನೆಯನ್ನು ತೊರೆದವನು ಅನಗಾರ, ಎಂದರೆ ಮುನಿ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ವ್ರತಿಗಳನ್ನು ವಿಂಗಡಿಸಿರುವುದು ಹೀಗೆಯೇ. 13ನೆಯ ಶತಮಾನದ ಪಂಡಿತ ಆಶಾಧರರು ಗೃಹಸ್ಥರಿಗಾಗಿ ‘ಸಾಗಾರ ಧರ್ಮಾಮೃತ’ವನ್ನೂ, ಮುನಿಗಳಿಗಾಗಿ ‘ಅನಗಾರ ಧರ್ಮಾಮೃತ’ವನ್ನೂ ರಚಿಸಿದರು. ಎಷ್ಟೋ ವರ್ಷಗಳಿಂದ ಸ್ವಾಧ್ಯಾಯದಲ್ಲಿ ಈ ಶಬ್ದಗಳನ್ನು ಉಚ್ಚರಿಸುತ್ತ ಬಂದವನು ನಾನು. ಆದರೆ ಶ್ರಾವಕನ ಹೆಸರಿನಲ್ಲೇ ಮನೆಯಿದೆ, ಆದುದರಿಂದ ಆತನ ಧರ್ಮವೂ ಮನೆಯಿರುವಿಕೆಯಿಂದಲೇ ಹುಟ್ಟುತ್ತದೆ ಎಂಬುದು ಆ ಮುಂಜಾನೆಯವರೆಗೆ ನನಗೆ ಹೊಳೆದಿರಲಿಲ್ಲ.

ಮುನಿಗೆ ಮನೆಯಿಲ್ಲದಿರುವುದು ಅವರ ವ್ರತ. ಅರಿತು, ಆಲೋಚಿಸಿ, ಗುರುಸನ್ನಿಧಿಯಲ್ಲಿ ಅನುಮತಿ ಬೇಡಿ ಪಡೆದುಕೊಂಡ ಸ್ವಾತಂತ್ರ್ಯ ಅದು. ಮಗುವಿಗೆ ಮನೆಯಿಲ್ಲದಿರುವುದು ವ್ರತವಲ್ಲ, ಗಾಯ. ತೊರೆಯಬೇಕಾದರೆ ಮೊದಲು ಇರಬೇಕಷ್ಟೆ. ದಶಲಕ್ಷಣ ಧರ್ಮಗಳಲ್ಲಿ ಎಂಟನೆಯದು ಉತ್ತಮ ತ್ಯಾಗ, ಒಂಬತ್ತನೆಯದು ಉತ್ತಮ ಆಕಿಂಚನ್ಯ, ನನ್ನದೆಂಬುದು ಏನೂ ಇಲ್ಲವೆಂಬ ಭಾವ. ಈ ಕ್ರಮದಲ್ಲಿ ಒಂದು ಔಚಿತ್ಯವಿದೆ: ಕೊಡುವುದು ಮೊದಲು, ಬರಿಗೈಯಾಗುವುದು ಅನಂತರ. ಬೀದಿಯ ಮಗು ಏನನ್ನೂ ತ್ಯಾಗ ಮಾಡದೆಯೇ ಬರಿಗೈಯಾಗಿದೆ. ಅದರ ಪಾಲಿನ ತ್ಯಾಗವನ್ನು ಮಾಡಬೇಕಾದವರು ಇನ್ನಾರೋ ಮಾಡಲಿಲ್ಲ ಎಂದೇ ಇದರ ಅರ್ಥ.

ನಮ್ಮ ಪುರಾಣಗಳು ಈ ಮಗುವನ್ನು ಮರೆತಿಲ್ಲ. ಜೀವಂಧರನ ಕಥೆಯನ್ನು ಬಲ್ಲವರು ಬಲ್ಲರು. ವಾದೀಭಸಿಂಹ ಸೂರಿಗಳು ಸಂಸ್ಕೃತದಲ್ಲಿ ಹೇಳಿದ ಈ ಕಥೆಯನ್ನು ಭಾಸ್ಕರ ಕವಿ 1424ರಲ್ಲಿ ಭಾಮಿನಿ ಷಟ್ಪದಿಯಲ್ಲಿ ಕನ್ನಡಕ್ಕೆ ತಂದನು. ರಾಜಪುರದ ಅರಸ ಸತ್ಯಂಧರನು ತನ್ನ ಮಂತ್ರಿಯಾದ ಕಾಷ್ಠಾಂಗಾರನ ದ್ರೋಹಕ್ಕೆ ಬಲಿಯಾಗುತ್ತಾನೆ. ತುಂಬು ಗರ್ಭಿಣಿಯಾದ ರಾಣಿ ವಿಜಯೆಯನ್ನು ಅವನು ನವಿಲಿನಾಕಾರದ ಯಂತ್ರದಲ್ಲಿ ಕುಳ್ಳಿರಿಸಿ ಮೊದಲೇ ಕಳುಹಿಸಿರುತ್ತಾನೆ. ಆ ಯಂತ್ರ ಬಂದು ಇಳಿಯುವುದು ಸ್ಮಶಾನದಲ್ಲಿ. ಅರಮನೆಯಲ್ಲಿ ಹುಟ್ಟಬೇಕಾದ ಕೂಸು ಹೆಣ ಸುಡುವ ನೆಲದಲ್ಲಿ ಕಣ್ಣು ತೆರೆಯುತ್ತದೆ. ಅದೇ ಹೊತ್ತಿಗೆ ಗಂಧೋತ್ಕಟನೆಂಬ ವಣಿಕನು ತನ್ನ ಸತ್ತ ಮಗುವನ್ನು ಹೊತ್ತು ಅಲ್ಲಿಗೆ ಬರುತ್ತಾನೆ. ತನ್ನ ಮಗುವನ್ನು ಅಲ್ಲಿ ಬಿಟ್ಟು, ಅಳುತ್ತಿದ್ದ ಈ ಮಗುವನ್ನು ಎತ್ತಿಕೊಳ್ಳುತ್ತಾನೆ. ಬಾಳು ಎಂಬ ಹರಕೆಯ ನುಡಿಯೇ ಮಗುವಿಗೆ ಹೆಸರಾಯಿತೆಂದು ಕಥೆ ಹೇಳುತ್ತದೆ.

ಗಂಧೋತ್ಕಟನು ಅಂದು ಮಾಡಿದ್ದೇನೆಂಬುದನ್ನು ಗಮನಿಸಬೇಕು. ಮಗುವಿನ ಕುಲವನ್ನು ಅವನು ವಿಚಾರಿಸಲಿಲ್ಲ. ಅದರ ಕೈಗೊಂದು ನಾಣ್ಯವನ್ನಿಟ್ಟು ಮುಂದೆ ಸಾಗಲಿಲ್ಲ. ಮಡದಿ ಸುನಂದೆಯ ಮಡಿಲಿಗಿತ್ತು ಸ್ವಂತ ಮಗನಂತೆ ಬೆಳೆಸಿದನು. ತಕ್ಕ ವಯಸ್ಸಿಗೆ ಆರ್ಯನಂದಿಗಳೆಂಬ ಗುರುವಿನ ಬಳಿ ವಿದ್ಯೆಗೆ ಕೂರಿಸಿದನು. ಹೆಸರು, ಮಡಿಲು, ಅನ್ನ, ಅಕ್ಷರ ಎಲ್ಲವನ್ನೂ ಕೊಟ್ಟನು. ಅವನು ಮುನಿಯಲ್ಲ, ಅರಸನಲ್ಲ. ಮನೆಯುಳ್ಳವನು, ಅಷ್ಟೆ.

ಜೈನ ಧರ್ಮ ಗೃಹಸ್ಥನಿಗೆ ವಿಧಿಸಿರುವ ನಿತ್ಯದ ಆರು ಕರ್ತವ್ಯಗಳು ದೇವಪೂಜೆ, ಗುರುಸೇವೆ, ಸ್ವಾಧ್ಯಾಯ, ಸಂಯಮ, ತಪಸ್ಸು ಮತ್ತು ದಾನ. ನಿತ್ಯದ ಎಂಬ ವಿಶೇಷಣವನ್ನು ನಾವು ಮರೆಯಬಾರದು. ಹುಟ್ಟುಹಬ್ಬದ ದಿನ ಅನಾಥಾಲಯಕ್ಕೊಂದು ಹೊತ್ತಿನ ಹೋಳಿಗೆ ಊಟ ಕೊಟ್ಟು ಬರುವುದು ಒಳ್ಳೆಯ ಕೆಲಸವೇ ಸರಿ; ಆದರೆ ಅದು ಆರನೆಯ ಕರ್ತವ್ಯದ ಆರಂಭವೇ ಹೊರತು ಪೂರ್ಣತೆಯಲ್ಲ. ದಾನವನ್ನು ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕಾಗಿ ಹೇಳುತ್ತಾರೆ. ಹಿರಿಯರ ವಿಷಯದಲ್ಲಿ ಈ ನಾಲ್ಕನ್ನೂ ಬೇರೆ ಬೇರೆಯಾಗಿ ಕೊಡಬಹುದು. ಹಸಿದವನಿಗೆ ಅನ್ನ ಕೊಟ್ಟರೆ ಸಾಕು, ರೋಗಿಗೆ ಮದ್ದು ಕೊಟ್ಟರೆ ಸಾಕು. ಮಗುವಿನ ವಿಷಯದಲ್ಲಿ ಮಾತ್ರ ನಾಲ್ಕೂ ಒಂದೇ ಹಗ್ಗದ ಹುರಿಗಳು. ಒಂದು ಹುರಿ ಹರಿದರೂ ಭಾರ ತಡೆಯದು.

ಇಲ್ಲೊಂದು ಸಂದೇಹವನ್ನು ಕೆಲವು ಬಂಧುಗಳು ಎತ್ತುವುದುಂಟು. ದಾನದ ಫಲ ಪಾತ್ರವನ್ನು ಅವಲಂಬಿಸಿದೆಯಲ್ಲವೆ, ಮುನಿಗಳು ಉತ್ತಮ ಪಾತ್ರರು, ವ್ರತಿಕ ಶ್ರಾವಕರು ಮಧ್ಯಮ ಪಾತ್ರರು, ಹೀಗಿರುವಾಗ ಬೀದಿಯ ಬಾಲಕ ಯಾವ ಪಾತ್ರ ಎಂದು. 9ನೆಯ ಶತಮಾನದ ಜಿನಸೇನಾಚಾರ್ಯರು ಮಹಾಪುರಾಣದಲ್ಲಿ ಇದಕ್ಕೆ ಸಮಾಧಾನವನ್ನಿಟ್ಟಿದ್ದಾರೆ. ಅವರು ಹೇಳುವ ದತ್ತಿಗಳು ನಾಲ್ಕು: ದಯಾದತ್ತಿ, ಪಾತ್ರದತ್ತಿ, ಸಮದತ್ತಿ ಮತ್ತು ಅನ್ವಯದತ್ತಿ. ಪಾತ್ರದತ್ತಿಯಲ್ಲಿ ಯೋಗ್ಯತೆಯನ್ನು ನೋಡಬೇಕು. ಅನುಕಂಪೆಯಿಂದ, ಭಯವನ್ನು ನೀಗಿಸುವುದಕ್ಕಾಗಿ ಕೊಡುವ ದಯಾದತ್ತಿಯಲ್ಲಿ ಎದುರಿಗಿರುವ ಜೀವದ ಸಂಕಟವೇ ಯೋಗ್ಯತೆ. ಹಸಿದ ಮಗುವಿನ ಮುಂದೆ ನಿಂತು ಪಾತ್ರವಿಚಾರ ಮಾಡುವವನು ತನ್ನ ಪಾತ್ರತೆಯನ್ನೇ ಮೊದಲು ವಿಚಾರಿಸಿಕೊಳ್ಳುವುದು ಲೇಸು.

ಇನ್ನು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಸ್ವಾಧ್ಯಾಯದಲ್ಲಿ ಕಲಿಯಲಾಗದ್ದನ್ನು ಆ ತಪ್ಪು ನನಗೆ ಕಲಿಸಿತು.

ಮೂವತ್ತು ವರ್ಷಗಳ ಹಿಂದಿನ ಮಾತು. ಆಗ ನಾನು ತಾಲ್ಲೂಕು ಕೇಂದ್ರವೊಂದರ ಶಾಲೆಯಲ್ಲಿ ಗಣಿತದ ಅಧ್ಯಾಪಕ. ಶಾಲೆಯ ಗೋಡೆಗೆ ತಾಗಿದಂತೆ ಒಂದು ಚಹಾದಂಗಡಿ. ಅಲ್ಲಿ ಲೋಟ ತೊಳೆಯುವ ಹುಡುಗನೊಬ್ಬನಿದ್ದ. ರಾತ್ರಿ ಅಂಗಡಿಯ ಬೆಂಚಿನ ಮೇಲೆಯೇ ಅವನ ನಿದ್ದೆ. ತಂದೆತಾಯಿ ಯಾರೆಂದು ಅಂಗಡಿಯವನಿಗೂ ತಿಳಿಯದು. ಒಂದು ದಿನ ಐದನೆಯ ತರಗತಿಯಲ್ಲಿ ಹದಿಮೂರರ ಮಗ್ಗಿಯನ್ನು ಕೇಳಿದೆ. ಒಳಗಿದ್ದವರಾರಿಗೂ ಬರಲಿಲ್ಲ. ಕಿಟಕಿಯ ಹೊರಗಿನಿಂದ ಒಂದು ಕಂಠ ತಡೆಯಿಲ್ಲದೆ ಹದಿಮೂರು ಹತ್ತರವರೆಗೆ ಹೇಳಿ ಮುಗಿಸಿತು. ಕೈಯಲ್ಲಿ ಲೋಟಗಳ ತಟ್ಟೆ ಹಿಡಿದುಕೊಂಡು ಆತ ನಿಂತಿದ್ದ. ಕೇಳಿ ಕೇಳಿಯೇ ಕಲಿತದ್ದು.

ಅವನನ್ನು ಶಾಲೆಗೆ ಸೇರಿಸಿಕೊಳ್ಳೋಣವೆಂದು ಮುಖ್ಯೋಪಾಧ್ಯಾಯರ ಬಳಿ ಹೋದೆ. ಜನನ ಪ್ರಮಾಣಪತ್ರ ಎಲ್ಲಿ, ವರ್ಗಾವಣೆ ಪತ್ರ ಎಲ್ಲಿ, ಪೋಷಕರ ರುಜು ಯಾರದು ಎಂದು ಅವರು ಕೇಳಿದರು. ಅವರದು ದುರುದ್ದೇಶವಲ್ಲ, ಅಂದಿನ ನಿಯಮ ಹಾಗಿತ್ತು. ಮನಸ್ಸು ಮಾಡಿದ್ದರೆ ನಾನು ಶಿಕ್ಷಣಾಧಿಕಾರಿಗಳ ಕಚೇರಿಗೆ ನಾಲ್ಕು ಸಲ ಅಲೆಯಬಹುದಿತ್ತು, ಪೋಷಕನೆಂದು ನಾನೇ ರುಜು ಹಾಕುವೆನೆನ್ನಬಹುದಿತ್ತು. ಅದಾಗಲೇ ಡಿಸೆಂಬರ್. ಪರೀಕ್ಷೆಗಳು ಮುಗಿಯಲಿ, ಜೂನ್‌ನಲ್ಲಿ ಹೊಸ ವರ್ಷಕ್ಕೇ ಸೇರಿಸಿದರಾಯಿತು ಎಂದುಕೊಂಡೆ. ಹುಡುಗನಿಗೂ ಹಾಗೆಯೇ ಹೇಳಿದೆ. “ಆಗ್ಲಿ ಸಾ” ಎಂದು ತಲೆಯಾಡಿಸಿದ. ಜೂನ್‌ನಲ್ಲಿ ಶಾಲೆ ತೆರೆದಾಗ ಅಂಗಡಿಯಲ್ಲಿ ಬೇರೊಬ್ಬ ಹುಡುಗ ಲೋಟ ತೊಳೆಯುತ್ತಿದ್ದ. ಮೊದಲಿನವನು ಯಾವುದೋ ಲಾರಿ ಹತ್ತಿ ಹೋದನಂತೆ. ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ಅವನನ್ನು ನಾನು ಮತ್ತೆ ಕಾಣಲಿಲ್ಲ.

ಎಷ್ಟೋ ವರ್ಷಗಳ ಅನಂತರ ಅತಿಥಿಸಂವಿಭಾಗ ವ್ರತದ ಅತಿಚಾರಗಳನ್ನು ಓದುತ್ತಿದ್ದಾಗ ಒಂದು ಶಬ್ದ ನನ್ನನ್ನು ತಡೆದು ನಿಲ್ಲಿಸಿತು: ಕಾಲಾತಿಕ್ರಮ. ಅತಿಥಿಗೆ ಆಹಾರ ನೀಡುವ ಹೊತ್ತನ್ನು ಮೀರುವುದು ಆ ವ್ರತಕ್ಕೆ ಒದಗುವ ಐದು ದೋಷಗಳಲ್ಲಿ ಒಂದು. ಕೊಡಲಾರೆನೆನ್ನುವುದು ಕಾಲಾತಿಕ್ರಮವಲ್ಲ, ಕೊಡುವ ಮನಸ್ಸಿದ್ದೂ ಹೊತ್ತು ಮೀರಿಸುವುದು ಕಾಲಾತಿಕ್ರಮ. ಆಚಾರ್ಯರು ಇದನ್ನು ಹೇಳಿರುವುದು ಮುನಿಗಳ ಆಹಾರದಾನದ ಸಂದರ್ಭದಲ್ಲಿ, ನಿಜ. ಆದರೆ ವಿದ್ಯಾದಾನಕ್ಕೂ ಒಂದು ಹೊತ್ತಿದೆ. ಆರು ವರ್ಷದ ಮಗುವಿಗೆ ಕೊಡಬೇಕಾದ ಅಕ್ಷರವನ್ನು ಹದಿನಾರಕ್ಕೆ ಕೊಡುತ್ತೇನೆಂದರೆ, ಸೂರ್ಯಾಸ್ತದ ಅನಂತರ ಆಹಾರಕ್ಕೆ ಕರೆದಂತೆ. ಅದೇ ಪಟ್ಟಿಯಲ್ಲಿ ಪರವ್ಯಪದೇಶವೆಂಬ ಮತ್ತೊಂದು ದೋಷವಿದೆ. ಕೊಡಬೇಕಾದುದನ್ನು ಇನ್ನೊಬ್ಬರ ಹೆಸರಿಗೆ ತಳ್ಳಿ ತಾನು ಜಾರಿಕೊಳ್ಳುವುದು ಎಂದು ನಾನು ಅದನ್ನು ಅರ್ಥಮಾಡಿಕೊಂಡಿದ್ದೇನೆ. ಸರಕಾರ ನೋಡಿಕೊಳ್ಳಲಿ, ಸಂಘಸಂಸ್ಥೆಗಳು ಮಾಡಲಿ ಎನ್ನುವ ನಮ್ಮ ನಿತ್ಯದ ಮಾತಿಗೆ ಇದಕ್ಕಿಂತ ಸರಿಯಾದ ಹೆಸರು ದೊರೆಯದು.

ಹೊತ್ತು ಮೀರದಂತೆ ಕೊಟ್ಟವರೂ ನಮ್ಮಲ್ಲಿದ್ದಾರೆ. ಕರ್ಮವೀರ ಭಾವೂರಾವ್ ಪಾಟೀಲರು 1887ರಲ್ಲಿ ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ ಜೈನ ಕುಟುಂಬವೊಂದರಲ್ಲಿ ಜನಿಸಿದವರು. ಅವರ ಪೂರ್ವಜರು ನಮ್ಮ ಮೂಡುಬಿದಿರೆಯ ಕಡೆಯವರು. 1919ರಲ್ಲಿ ಕರಾಡದ ಸಮೀಪದ ಕಾಲೆ ಎಂಬ ಹಳ್ಳಿಯಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. 1924ರಲ್ಲಿ ಅದರ ಕೇಂದ್ರ ಸಾತಾರಕ್ಕೆ ಬಂದಿತು. ಬಡವರ, ತಬ್ಬಲಿಗಳ, ಊರ ಹೊರಗಿಡಲ್ಪಟ್ಟವರ ಮಕ್ಕಳನ್ನು ಹಳ್ಳಿಹಳ್ಳಿಯಿಂದ ಕರೆತಂದು ಒಂದೇ ವಸತಿಯಲ್ಲಿಟ್ಟರು. ಜಾತಿಭೇದವಿಲ್ಲದೆ ಎಲ್ಲರೂ ಒಂದೇ ಸಾಲಿನಲ್ಲಿ ಉಣ್ಣಬೇಕು, ಓದಿನ ಜೊತೆಗೆ ದುಡಿಮೆಯನ್ನೂ ಮಾಡಬೇಕೆಂಬುದು ಅಲ್ಲಿಯ ಕ್ರಮ. ದಾನವನ್ನು ಪಡೆಯುವಾಗಲೂ ಮಗುವಿನ ತಲೆ ತಗ್ಗಬಾರದು ಎಂಬ ಸೂಕ್ಷ್ಮ ಇದರಲ್ಲಿತ್ತು.

ಆ ವಸತಿಯಲ್ಲಿ ದಿನಸಿ ಮುಗಿದಾಗ ಅವರ ಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಒಡವೆಗಳನ್ನು ಒಂದೊಂದಾಗಿ ಮಾರಿದರು. ಕೊನೆಗೆ ಮಾಂಗಲ್ಯವನ್ನೂ ಉಳಿಸಿಕೊಳ್ಳಲಿಲ್ಲ. ಒಡವೆ ಬಿಡಿಸಿಕೊಂಡ ಮೇಲೆ ಊಟ ಹಾಕೋಣ, ಮುಂದಿನ ಫಸಲು ಬರಲಿ ಎಂದು ಆ ತಾಯಿ ಎನ್ನಲಿಲ್ಲ. ಮಕ್ಕಳ ಹಸಿವು ಇಂದಿನದು ಎಂಬುದನ್ನು ಆಕೆ ಬಲ್ಲವಳಾಗಿದ್ದಳು. 1930ರಲ್ಲಿ ಆಕೆ ತೀರಿಕೊಂಡರು. ಸಾವಿರ ವರ್ಷಗಳ ಹಿಂದೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ, ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನಿಗೆ ಆಶ್ರಯವಿತ್ತ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಲಕ್ಷ್ಮೀಬಾಯಿಯವರನ್ನೂ ಆ ಸಾಲಿನಲ್ಲಿ ನೆನೆಯುವುದು ನ್ಯಾಯ. ಒಬ್ಬರು ಓಲೆಗರಿಯಲ್ಲಿ ಮಾಡಿದ ಶಾಸ್ತ್ರದಾನವನ್ನು ಇನ್ನೊಬ್ಬರು ಒಲೆಯ ಮುಂದೆ ಮಾಡಿದರು.

ನಮ್ಮ ನಾಡಿನಲ್ಲಿಯೂ ಈ ಪರಂಪರೆ ಬತ್ತಿಲ್ಲ. ಧರ್ಮಸ್ಥಳದಲ್ಲಿ ಅನ್ನ, ಔಷಧ, ವಿದ್ಯೆ, ಅಭಯಗಳೆಂಬ ಚತುರ್ವಿಧ ದಾನದ ಪರಂಪರೆ ತಲೆಮಾರುಗಳಿಂದ ನಡೆದುಬಂದಿದೆ. ಉಜಿರೆಯ ಸಿದ್ಧವನ ಗುರುಕುಲದಲ್ಲಿ ಉಂಡು ಓದಿ ಬಾಳು ಕಟ್ಟಿಕೊಂಡವರು ಎಲ್ಲ ಜಾತಿಮತಗಳಲ್ಲಿಯೂ ಇದ್ದಾರೆ. ಆದರೆ ದೊಡ್ಡ ಕ್ಷೇತ್ರಗಳು ಮಾಡುತ್ತವೆಂಬುದು ಸಣ್ಣ ಮನೆಗಳಿಗೆ ಬಿಡುವು ಕೊಡುವುದಿಲ್ಲ. ಅಭಿಷೇಕದ ಮೊದಲ ಕಲಶಕ್ಕೆ ಸವಾಲು ಕೂಗುವಾಗ ನಮ್ಮ ಕೈಗಳು ಎಷ್ಟು ಬೇಗ ಮೇಲೇಳುತ್ತವೆ! ಅದು ಭಕ್ತಿ, ಬೇಡವೆನ್ನಲು ನಾನಾರು? ಆ ಕಲಶ ನಮಗೆ ದೊರೆಯದೆ ಹೋದಾಗ ಉಳಿಯುವ ಹಣದ ಕಾಲುಭಾಗವಾದರೂ ಬಸದಿಯ ಹಿಂದಿನ ಬೀದಿಯ ಮಗುವಿನ ವರ್ಷದ ಪುಸ್ತಕ, ಬಟ್ಟೆ, ಔಷಧಿಗೆ ಸಲ್ಲಲಿ ಎಂಬುದಷ್ಟೇ ನನ್ನ ವಿನಂತಿ.

ಅಹಿಂಸೆಯ ಮಾತನ್ನೂ ಇಲ್ಲಿ ಆಡಲೇಬೇಕು. ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಶಕ್ತಿಮೀರಿ ಭಾರ ಹೊರಿಸುವುದು, ಹೊತ್ತಿಗೆ ಅನ್ನ ನೀರು ಕೊಡದಿರುವುದು. ಎತ್ತಿನ ಹೆಗಲಿಗೆ ಹೆಚ್ಚು ಭಾರ ಹೇರಬಾರದೆಂದು ಇವನ್ನು ವಿವರಿಸುವುದು ವಾಡಿಕೆ. ನಾವೂ ಎತ್ತಿಗೆ ಕರುಣೆ ತೋರುತ್ತೇವೆ, ಗೋಶಾಲೆಗೆ ಹುಲ್ಲು ಕಳುಹಿಸುತ್ತೇವೆ. ಅದೇ ಸಂಜೆ ಹತ್ತು ವರ್ಷದ ಹುಡುಗ ತಂದಿಟ್ಟ ಚಹಾವನ್ನು ಕುಡಿದು, ಆತ ಒರೆಸಿದ ಮೇಜಿನ ಮೇಲೆ ಹಣವಿಟ್ಟು ಬರುತ್ತೇವೆ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲು, ಗ್ಯಾರೇಜು, ಮನೆಗೆಲಸಗಳಲ್ಲಿ ದುಡಿಸುವುದು ಕಾನೂನಿನಂತೆ ಅಪರಾಧ. ನಮ್ಮ ಅಂಗಡಿ ಮುಂಗಟ್ಟುಗಳಲ್ಲಿ ಅಂಥ ಮಗುವಿಲ್ಲವೆಂದು ಖಚಿತಪಡಿಸಿಕೊಳ್ಳುವುದು ವ್ರತಶುದ್ಧಿಯ ಮೊದಲ ಮೆಟ್ಟಿಲು.

ಇಂದು ಕಾಲ ಬದಲಾಗಿದೆ. ಅಂದು ನನ್ನ ಕೈ ಕಟ್ಟಿದ್ದ ನೆಪಗಳನ್ನು ಇಂದಿನ ಕಾನೂನು ಒಂದೊಂದಾಗಿ ತೆಗೆದುಹಾಕಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ವಯಸ್ಸಿನ ದಾಖಲೆಯಿಲ್ಲವೆಂದು ಯಾವ ಮಗುವಿಗೂ ಪ್ರವೇಶವನ್ನು ನಿರಾಕರಿಸುವಂತಿಲ್ಲ. ವರ್ಗಾವಣೆ ಪತ್ರ ತಡವಾಯಿತೆಂದು ಕಾಯಿಸುವಂತಿಲ್ಲ. ಶಾಲೆಯನ್ನೇ ಕಾಣದ ಹತ್ತು ವರ್ಷದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ನೀಡಬೇಕು. ಬಿಸಿಯೂಟವಂತೂ ಇದ್ದೇ ಇದೆ.

2015ರ ಬಾಲನ್ಯಾಯ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದಿದೆ. ದಿಕ್ಕಿಲ್ಲದ ಮಗುವನ್ನು ಕಂಡವರು ಇಪ್ಪತ್ತನಾಲ್ಕು ಗಂಟೆಗಳೊಳಗೆ ಮಕ್ಕಳ ಸಹಾಯವಾಣಿಗೋ, ಪೊಲೀಸ್ ಠಾಣೆಗೋ, ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸತಕ್ಕದ್ದೆಂದು ಅದು ವಿಧಿಸುತ್ತದೆ. ಕಾಲಾತಿಕ್ರಮಕ್ಕೆ ಕಾನೂನು ಹಾಕಿರುವ ಗಡುವು ಎಂದೇ ನಾನಿದನ್ನು ತಿಳಿಯುತ್ತೇನೆ. ಸಹಾಯವಾಣಿಯ ಸಂಖ್ಯೆ 1098. ಹಗಲಿರುಳೆನ್ನದೆ ಕರೆ ಮಾಡಬಹುದು, ಶುಲ್ಕವಿಲ್ಲ. ಕರುಣೆಯುಕ್ಕಿ ಮಗುವನ್ನು ನೇರವಾಗಿ ನಮ್ಮ ಮನೆಗೆ ಕರೆತಂದಿಟ್ಟುಕೊಳ್ಳುವುದು ಇಂದು ಸರಿಯಲ್ಲ. ಎಲ್ಲೋ ಒಬ್ಬ ತಾಯಿ ಆ ಮಗುವನ್ನು ಹುಡುಕುತ್ತಿರಬಹುದು. ಸಮಿತಿ ಮೊದಲು ಮನೆಯವರನ್ನು ಹುಡುಕಿಸುತ್ತದೆ. ದೊರೆಯದಿದ್ದರೆ ಮಕ್ಕಳ ವಸತಿ, ಪೋಷಕ ಕುಟುಂಬ, ದತ್ತು ಎಂಬ ದಾರಿಗಳಿವೆ. ಗಂಧೋತ್ಕಟನ ಹೃದಯ ಬೇಕು. ಅದು ನಡೆಯಬೇಕಾದ ದಾರಿ ಇಂದು ಇದು.

ಕಳೆದ ವರ್ಷದ ಆ ಮುಂಜಾನೆ ಇಷ್ಟೆಲ್ಲ ನನ್ನ ಮನಸ್ಸಿನಲ್ಲಿ ಸುಳಿದು, ಮೊದಲಿಗೆ ನಾಳೆ ನೋಡೋಣವೆಂದೇ ಎನ್ನಿಸಿತು. ನಾಳೆ ಎಂಬ ಶಬ್ದ ಬಂದೊಡನೆ ಹದಿಮೂರರ ಮಗ್ಗಿ ಕಿವಿಯಲ್ಲಿ ಕೇಳಿಸಿತು. ಬಸ್ ನಿಲ್ದಾಣಕ್ಕೆ ಹೋದೆ. ಸಾಮಾನು ಇಡುವ ಕೋಣೆಯ ಹಿಂದೆ ಚೀಲವನ್ನೇ ತಲೆದಿಂಬಾಗಿಸಿ ಆ ಬಾಲಕ ಮಲಗಿದ್ದ. ಅಲ್ಲಿಂದಲೇ 1098ಕ್ಕೆ ಕರೆ ಮಾಡಿದೆ. ಅವರು ಬರುವವರೆಗೆ ಅವನ ಪಕ್ಕದಲ್ಲಿ ಕುಳಿತೆ. ರಾಯಚೂರಿನ ಕಡೆಯ ಹುಡುಗ. ಕಟ್ಟಡದ ಕೆಲಸಕ್ಕೆ ಬಂದ ಮಾವನ ಜೊತೆ ಬಂದವನು. ಮಾವ ಎಲ್ಲಿ ಹೋದನೋ ತಿಳಿಯದು. ಸಮಿತಿಯ ಆದೇಶದಂತೆ ಅವನನ್ನು ಮಕ್ಕಳ ವಸತಿಗೆ ಸೇರಿಸಿ, ಹತ್ತಿರದ ಶಾಲೆಗೆ ಕಳುಹಿಸಿದರು.

ಒಂದು ವಾರದ ಅನಂತರ ಶಾಲೆಯಲ್ಲಿ ವಿಚಾರಿಸಿದೆ. “ದಿನವಿಡೀ ನಿದ್ದೆ ಮಾಡ್ತಾನೆ ಸರ್” ಎಂದರು ತರಗತಿಯ ಶಿಕ್ಷಕಿ, ನನ್ನ ಮಗಳ ವಯಸ್ಸಿನವರು. ನನ್ನೊಳಗಿನ ಹಳೆಯ ಮೇಷ್ಟ್ರು ಎಚ್ಚೆತ್ತ. ಎಬ್ಬಿಸಬೇಕಮ್ಮ, ಇಷ್ಟು ಕಷ್ಟಪಟ್ಟು ಸೇರಿಸಿದ್ದು ನಿದ್ದೆ ಮಾಡಿಸಲಿಕ್ಕಲ್ಲ ಎಂದುಬಿಟ್ಟೆ. ಆಕೆ ಮೆಲುದನಿಯಲ್ಲಿ ಉತ್ತರಿಸಿದರು: “ಬಸ್ ಸ್ಟ್ಯಾಂಡಲ್ಲಿ ರಾತ್ರಿ ಯಾರಾದರೂ ಒದ್ದು ಎಬ್ಬಿಸ್ತಿದ್ದರಂತೆ ಸರ್. ಇಲ್ಲಿ ಯಾರೂ ಒದೆಯಲ್ಲ ಅಂತ ಗೊತ್ತಾಗಿದೆ. ಮಲಗಲಿ ಬಿಡಿ, ಎದ್ದ ಮೇಲೆ ಓದ್ತಾನೆ.” ನಾಲ್ಕು ದಾನಗಳ ಹೆಸರನ್ನು ಬಾಯಿಪಾಠ ಮಾಡಿದ್ದ ನನಗೆ ಅವುಗಳಲ್ಲಿ ಮೊದಲು ಯಾವುದು ಎಂಬುದನ್ನು ಆ ತರುಣಿ ಕಲಿಸಿದರು. ಭಯ ಹೋಗದೆ ನಿದ್ದೆ ಬರದು. ನಿದ್ದೆ ಬಾರದೆ ಅಕ್ಷರ ನಿಲ್ಲದು. ಅಭಯವಿಲ್ಲದ ವಿದ್ಯಾದಾನ ತೂತುಬಿದ್ದ ಕೊಡಕ್ಕೆ ನೀರು ಸುರಿದಂತೆ.

ಜೀವಂಧರನ ಕಥೆಯಲ್ಲಿ ಒಂದು ಭಾಗವನ್ನು ನಾನಿನ್ನೂ ಹೇಳಿಲ್ಲ. ಗುರು ಆರ್ಯನಂದಿಗಳಿಗೆ ಹಿಂದೆ ಭಸ್ಮಕವೆಂಬ ರೋಗವಿತ್ತು. ಎಷ್ಟುಂಡರೂ ಹಸಿವು ಇಂಗದ ರೋಗ ಅದು. ಅಲೆಯುತ್ತ ಗಂಧೋತ್ಕಟನ ಮನೆಗೆ ಬಂದು, ಅಡಿಗೆಮನೆಯಲ್ಲಿದ್ದುದನ್ನೆಲ್ಲ ಉಂಡರೂ ಅವರ ಹಸಿವು ತಣಿಯಲಿಲ್ಲ. ಆಗ ಬಾಲಕ ಜೀವಂಧರನು ತನ್ನ ಕೈಯ ತುತ್ತೊಂದನ್ನು ಅವರಿಗೆ ಕೊಟ್ಟನು. ಆ ಒಂದು ತುತ್ತಿಗೆ ರೋಗ ಶಮನವಾಯಿತು. ಆ ಉಪಕಾರವನ್ನು ನೆನೆದೇ ಅವರು ಅವನಿಗೆ ವಿದ್ಯೆಯನ್ನು ಧಾರೆಯೆರೆದರು. ಹಾಗಾದರೆ ಮೊದಲು ದಾನ ಮಾಡಿದವರು ಯಾರು? ಸ್ಮಶಾನದಲ್ಲಿ ಸಿಕ್ಕಿದ ಮಗುವೇ ಗುರುವಿಗೆ ಮೊದಲ ದಾನಿ. ಜೀವಗಳು ಒಂದಕ್ಕೊಂದು ಉಪಕಾರಿಗಳೆಂದು ನಮ್ಮ ಧರ್ಮ ಸಾರುವುದು ಸುಮ್ಮನೆ ಅಲ್ಲ. ಎಷ್ಟು ಗಳಿಸಿದರೂ ತಣಿಯದ ಭಸ್ಮಕ ನಮ್ಮೆಲ್ಲರಲ್ಲಿಯೂ ಇದೆ. ಅದಕ್ಕೆ ಮದ್ದು ಎಲ್ಲಿರುವುದೆಂದು ಕಥೆ ಹೇಳುತ್ತಿದೆ.

ಮೊನ್ನೆ ಅನುಮತಿ ಪಡೆದು ಆ ಹುಡುಗನನ್ನು ನೋಡಿಬರಲು ಮತ್ತೆ ಶಾಲೆಗೆ ಹೋಗಿದ್ದೆ. ಈಗ ಅವನಿಗೆ ಕಾಗುಣಿತ ಬರುತ್ತದೆ. ಎರಡರಿಂದ ಆರರವರೆಗೆ ಮಗ್ಗಿ ಬರುತ್ತದೆ. ಅವನ ಊರಿನ ಗುರುತು ಸಿಕ್ಕಿದೆ, ಅಜ್ಜಿಯೊಬ್ಬರಿದ್ದಾರೆ, ವಿಚಾರಣೆ ನಡೆದಿದೆ ಎಂದು ವಸತಿಯವರು ತಿಳಿಸಿದರು. ಊಟದ ಬಿಡುವಿನಲ್ಲಿ ಮಕ್ಕಳಿಗೆ ಶೇಂಗಾ ಚಿಕ್ಕಿ ಹಂಚುತ್ತಿದ್ದರು. ತನ್ನ ಪಾಲಿನದನ್ನು ಎರಡು ತುಂಡು ಮಾಡಿ, ಅವುಗಳಲ್ಲಿ ದೊಡ್ಡದನ್ನು ನನ್ನ ಕಡೆಗೆ ಚಾಚಿದ. “ತಗೋರಿ ಅಜ್ಜಾ” ಎಂದ.

ದಶಲಕ್ಷಣ ಪರ್ವ ಹತ್ತಿರ ಬರುತ್ತಿದೆ. ಎಂಟನೆಯ ದಿನ ಉತ್ತಮ ತ್ಯಾಗದ ಪ್ರವಚನವನ್ನು ಎಲ್ಲ ಬಸದಿಗಳಲ್ಲಿಯೂ ಕೇಳುತ್ತೇವೆ. ಆ ದಿನದವರೆಗೂ ಕಾಯಬೇಕಿಲ್ಲವೆಂಬುದೊಂದೇ ನನ್ನ ಅರಿಕೆ. ನಮ್ಮ ಬೀದಿಯಲ್ಲಿ, ನಮ್ಮ ಬಸ್ ನಿಲ್ದಾಣದಲ್ಲಿ, ನಾವು ಚಹಾ ಕುಡಿಯುವ ಅಂಗಡಿಯಲ್ಲಿ ಮನೆಯಿಲ್ಲದ ಮಗುವೊಂದು ಇರಬಹುದು. ಮನೆಯುಳ್ಳವರಾದ ನಾವು ಇಂದೇ ಅದನ್ನು ಗುರುತಿಸೋಣ. ಚಾಚಿದ ಆ ಕೈಯಿಂದ ನಾನು ಚಿಕ್ಕಿಯನ್ನು ತೆಗೆದುಕೊಂಡೆ. ಬೊಗಸೆಯೊಡ್ಡುವ ಸರದಿ ಅಂದು ನನ್ನದಾಗಿತ್ತು.